ಒತ್ತಕ್ಷರ ಕತ್ತರಿಸದ ಕಿಟಕಿ: ಕೆಡಿಇಯಲ್ಲಿ ನನ್ನ ಕೆಲಸ

ಲಿನಕ್ಸ್ ಮುಂತಾದ ವ್ಯವಸ್ಥೆಗಳಿಗೆ ಡೆಸ್ಕ್‌ಟಾಪ್ ರೂಪಿಸುವ ಕೆಡಿಇಯಂಥ ಸ್ವತಂತ್ರ ತಂತ್ರಾಂಶ ಯೋಜನೆಯಲ್ಲಿ ಕೆಲಸ ಮಾಡಲು ಮೊದಲೇ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪರಿಣತನಾಗಿರಬೇಕೆಂಬ ನಂಬಿಕೆ ಹಲವರಲ್ಲಿದೆ. ನಾನು ಒಳಹೊಕ್ಕದ್ದು ದೋಷ ವರದಿಗಳ ಬಾಗಿಲಿನಿಂದ. ಬಳಕೆದಾರರು ಬಗ್‌ಜಿಲ್ಲಾ ಎಂಬ ದೋಷ ವರದಿಯ ತಾಣದಲ್ಲಿ ದಾಖಲಿಸಿದ ದೂರನ್ನು ಓದಿ, ಇತ್ತೀಚಿನ ಆವೃತ್ತಿಯಲ್ಲಿಯೂ ಅದೇ ತೊಂದರೆ ಕಾಣಿಸುತ್ತದೆಯೇ ಎಂದು ಪರೀಕ್ಷಿಸಿ, ಯಾವ ಕ್ರಮದಲ್ಲಿ ಏನು ಒತ್ತಿದರೆ ಅದು ಮರುಕಳಿಸುತ್ತದೆ ಎಂಬುದನ್ನು ಬರೆದಿಡುವುದೇ ಆರಂಭದ ಕೆಲಸವಾಗಿತ್ತು. ಬೇಸರದ ಕೆಲಸ ಹೌದು, ಆದರೆ ಡೆಸ್ಕ್‌ಟಾಪಿನ ಯಾವ ಮೂಲೆಯಲ್ಲಿ ಜನರು ಎಡವುತ್ತಾರೆ ಎಂಬುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ತಿಳಿಯುವುದಿಲ್ಲ.

1996ರ ಅಕ್ಟೋಬರ್ 14ರಂದು ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ ಈ ಯೋಜನೆಯನ್ನು ಪ್ರಕಟಿಸಿದಾಗ ಅವರ ಮುಖ್ಯ ಆಕ್ಷೇಪವಿದ್ದದ್ದು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಪರದೆಯ ಮೇಲಿನ ಒಂದೊಂದು ಪ್ರೋಗ್ರಾಂ ಒಂದೊಂದು ರೀತಿ ಕಾಣುತ್ತದೆ, ಒಂದೊಂದು ರೀತಿ ವರ್ತಿಸುತ್ತದೆ ಎಂಬುದರ ಬಗ್ಗೆ. ಸಾಮಾನ್ಯ ಬಳಕೆದಾರನಿಗೆ ಎಲ್ಲೆಡೆ ಏಕರೂಪದ ವ್ಯವಸ್ಥೆ ಸಿಗಬೇಕೆಂಬುದು ಗುರಿ. ಏಕರೂಪತೆ ಇಂದು ಬಹುಮಟ್ಟಿಗೆ ಸಾಧಿತವಾಗಿದ್ದರೂ, ಬರೆದವನು ತನ್ನ ಅಭ್ಯಾಸವನ್ನೂ ತನ್ನ ಲಿಪಿಯನ್ನೂ ಎಲ್ಲರದೆಂದು ಭಾವಿಸಿ ಹಾಕಿದ ಸಣ್ಣಪುಟ್ಟ ಊಹೆಗಳು ಕೋಡಿನಲ್ಲಿ ಉಳಿದೇ ಇವೆ. ನನ್ನ ಕೆಲಸದ ಬಹುಪಾಲು ಇವುಗಳನ್ನು ಹುಡುಕಿ ತೆಗೆಯುವುದೇ ಆಗಿದೆ.

ಇದರಲ್ಲಿ ಹೆಚ್ಚು ಕಲಿಸಿದ್ದು ಪಟ್ಟಿಯ ಸಾಲುಗಳ ಎತ್ತರ. ಪರದೆಯ ವಿನ್ಯಾಸವನ್ನು ಬರೆಯುವ ಕ್ಯೂಎಂಎಲ್ ಭಾಷೆಯಲ್ಲಿ ಸಾಲಿನ ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ಗಟ್ಟಿಯಾಗಿ ನಿಗದಿ ಮಾಡಿದರೆ ಲ್ಯಾಟಿನ್ ಅಕ್ಷರಗಳು ಸರಿಯಾಗಿ ಕೂರುತ್ತವೆ. 'ರಾಷ್ಟ್ರ' ಎಂಬ ಪದ ಬಂದೊಡನೆ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಎತ್ತರವನ್ನು ಇನ್ನಷ್ಟು ಪಿಕ್ಸೆಲ್ ಹೆಚ್ಚಿಸುವುದು ಪರಿಹಾರವಲ್ಲ, ಏಕೆಂದರೆ ಬಳಕೆದಾರ ಅಕ್ಷರದ ಗಾತ್ರ ಹೆಚ್ಚಿಸಿದರೆ ಮತ್ತೆ ಅದೇ ಕಥೆ. ಸಾಲು ತನ್ನೊಳಗಿನ ಪಠ್ಯದಿಂದಲೇ ಎತ್ತರವನ್ನು ಪಡೆಯುವಂತೆ ಮಾಡಿ, ಅಂಚಿನ ಅಳತೆಗಳನ್ನು ಕಿರಿಗಾಮಿ ಎಂಬ ಕೆಡಿಇಯ ಸಿದ್ಧ ಕೋಡಿನ ಸಂಗ್ರಹವು (ಲೈಬ್ರರಿ) ಫಾಂಟಿನಿಂದ ಲೆಕ್ಕ ಹಾಕಿಕೊಡುವ ಏಕಮಾನದಲ್ಲಿ ಬರೆದೆ. ತಿದ್ದಿದ್ದು ಕೋಡಿನ ಕೆಲವೇ ಸಾಲು, ಚರ್ಚೆ ಮಾತ್ರ ದೀರ್ಘ: ಬದಲಾವಣೆಯನ್ನು ಒಪ್ಪುವ ಮುನ್ನ ನೋಡುವ ಪರಿಶೀಲಕರು ಮೊದಲಿನ ಮತ್ತು ನಂತರದ ಪರದೆ ಚಿತ್ರಗಳನ್ನು ಇಂಗ್ಲಿಷಿನಲ್ಲಿಯೂ ಕೇಳಿದರು, ಸಣ್ಣ ಲ್ಯಾಪ್‌ಟಾಪಿನಲ್ಲಿ ಪಟ್ಟಿಯ ಎಷ್ಟು ಸಾಲು ಕಡಿಮೆ ಕಾಣುತ್ತವೆ ಎಂದು ವಿಚಾರಿಸಿದರು. ಕೇಳಿದ್ದು ನ್ಯಾಯವೇ, ಕನ್ನಡಕ್ಕೆ ಅನುಕೂಲ ಮಾಡುವ ನೆಪದಲ್ಲಿ ಉಳಿದವರ ಪಟ್ಟಿಯನ್ನು ಉದ್ದ ಮಾಡುವುದು ಸರಿಯಲ್ಲ. ಕನಿಷ್ಠ ಎತ್ತರವನ್ನು ಹಿಂದಿನಂತೆಯೇ ಉಳಿಸಿ, ಅಗತ್ಯವಿದ್ದಲ್ಲಿ ಮಾತ್ರ ಸಾಲು ಬೆಳೆಯುವಂತೆ ಮಾಡಿದ ಮೇಲೆ ಒಪ್ಪಿಗೆ ದೊರೆಯಿತು.

ಬಳಸುವವರ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡುವುದೂ ಅಭಿವೃದ್ಧಿಯ ಭಾಗವೆಂದು ನಾನು ಭಾವಿಸುತ್ತೇನೆ. ಪರಿಚಿತ ಶಿಕ್ಷಕಿಯೊಬ್ಬರು ಕೆಡಿಇಯ ಡೆಸ್ಕ್‌ಟಾಪ್ ಆದ ಪ್ಲಾಸ್ಮಾದ 5ನೇ ಆವೃತ್ತಿಯಲ್ಲಿ ಕನ್ನಡ ಕೀಲಿಮಣೆ ಸೇರಿಸಲು ಹೋದರು. ಅಲ್ಲಿ ವಿನ್ಯಾಸಗಳ ಪಟ್ಟಿ ಸಕ್ರಿಯವಾಗಬೇಕಾದರೆ ಅದರ ಮೇಲಿನ ಒಂದು ಚೌಕಕ್ಕೆ ಮೊದಲು ಗುರುತು ಹಾಕಬೇಕಿತ್ತು. ಸೇರಿಸುವ ಗುಂಡಿ ಮಸುಕಾಗಿರುವುದನ್ನು ಕಂಡ ಅವರು, ಈ ಕಂಪ್ಯೂಟರಿನಲ್ಲಿ ಕನ್ನಡ ಇಲ್ಲವೆಂದೇ ತೀರ್ಮಾನಿಸಿಬಿಟ್ಟರು. ಸೌಲಭ್ಯ ಇತ್ತು, ದಾರಿ ಕಾಣಲಿಲ್ಲ.

ಇಂಥ ಕಡೆ ಹೊಸ ಆಯ್ಕೆಯೊಂದನ್ನು ಸೇರಿಸೋಣ ಎಂಬ ಸಲಹೆ ಸುಲಭವಾಗಿ ಬರುತ್ತದೆ. ಆದರೆ ಹೆಚ್ಚಿನವರು ಸೆಟ್ಟಿಂಗ್ಸ್ ಕಡೆಗೆ ಹೋಗುವುದೇ ಇಲ್ಲವಾದ್ದರಿಂದ, ಮೊದಲೇ ಬರುವ ಸ್ಥಿತಿ ಹೇಗಿದೆ ಎಂಬುದೇ ಮುಖ್ಯ. 2024ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಮಾ 6ರಲ್ಲಿ ಕಡತಗಳನ್ನು ತೆರೆಯಲು ಒಂದು ಕ್ಲಿಕ್ಕಿನ ಬದಲು ಎರಡು ಕ್ಲಿಕ್ಕನ್ನು ಪೂರ್ವನಿಯೋಜಿತಗೊಳಿಸಿದ್ದು ಈ ದೃಷ್ಟಿಯಿಂದ ಸರಿಯಾದ ನಿರ್ಧಾರ. ನನಗೆ ವೈಯಕ್ತಿಕವಾಗಿ ಒಂದು ಕ್ಲಿಕ್ಕೇ ಇಷ್ಟ, ಅದನ್ನು ನಾನು ಬದಲಿಸಿಕೊಂಡಿದ್ದೇನೆ.

ಈಗ ಪ್ರತಿ ಬೀಟಾ (ಬಿಡುಗಡೆಗೆ ಮುನ್ನದ ಪರೀಕ್ಷಾರ್ಥ) ಆವೃತ್ತಿ ಬಂದಾಗ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರಗಳನ್ನು ದೊಡ್ಡದು ಮಾಡಿ, ಕಿಟಕಿಯನ್ನು ಕಿರಿದಾಗಿಸಿ, ಮೌಸ್ ಮುಟ್ಟದೆ ಕೀಲಿಮಣೆಯಿಂದಷ್ಟೇ ಸೆಟ್ಟಿಂಗ್ಸಿನ ಪುಟಗಳನ್ನು ಒಂದು ಸುತ್ತು ನೋಡುತ್ತೇನೆ. ಅಂತಿಮ ಬಿಡುಗಡೆಗೆ ಮುನ್ನ ಪರದೆಯ ಮೇಲಿನ ಪಠ್ಯವನ್ನು ಬದಲಿಸಲು ನಿರ್ಬಂಧ ಜಾರಿಗೆ ಬರುತ್ತದೆ; ಅದರ ನಂತರ ಸಿಕ್ಕ ಪಠ್ಯದೋಷಗಳು ಮುಂದಿನ ಆವೃತ್ತಿಗೆ ಕಾಯಬೇಕಾದ್ದರಿಂದ, ಈ ಸುತ್ತನ್ನು ಆದಷ್ಟು ಬೇಗ ಮುಗಿಸಿಕೊಳ್ಳುತ್ತೇನೆ.