ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕಾರು ನಿಲ್ಲಿಸುವ ಕ್ರಮ

ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೋ ಕಬ್ಬನ್ ಉದ್ಯಾನಕ್ಕೋ ಕಾರಿನಲ್ಲಿ ಬರುವವರು ರಜಾದಿನಗಳಲ್ಲಿ ಬೆಳಿಗ್ಗೆಯೇ ಬರುವುದು ಲೇಸು. ಮೊದಲು ಫಲಕವನ್ನು ಓದಿ, ಕಾರುಗಳಿಗೆ ಗುರುತಿಸಿದ ಗೆರೆಗಳೊಳಗೆ ಮಾತ್ರ ನಿಲ್ಲಿಸಿ. ಪಾದಚಾರಿ ಮಾರ್ಗ, ಬಸ್ ನಿಲ್ದಾಣ, ರಸ್ತೆ ದಾಟುವ ಪಟ್ಟೆ ಮತ್ತು ಇತರರ ಗೇಟಿನ ಮುಂದೆ ವಾಹನ ನಿಲ್ಲಿಸುವುದನ್ನು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ನಿಷೇಧಿಸುತ್ತದೆ. ಅಷ್ಟೇ ಅಲ್ಲ, ಗಾಲಿಕುರ್ಚಿಯಲ್ಲಿ ಬರುವವರನ್ನು ನಡುರಸ್ತೆಗೆ ಇಳಿಸುವಂತಹ ಈ ನಡತೆ ನಿರ್ದಯವಾದುದೂ ಹೌದು.

ಶುಲ್ಕವು ಗಂಟೆಯ ಲೆಕ್ಕದಲ್ಲಿದ್ದು, ದ್ವಿಚಕ್ರ ವಾಹನಗಳಿಗಿಂತ ಕಾರುಗಳಿಗೆ ಹೆಚ್ಚು. ಫಲಕದಲ್ಲಿರುವ ದರವನ್ನು ನೋಡಿಕೊಂಡು, ಪಾವತಿ ಯಂತ್ರದಲ್ಲಿ ಅಥವಾ ಸಮವಸ್ತ್ರ ಧರಿಸಿದ ಸಿಬ್ಬಂದಿಯ ಬಳಿ ಹಣ ಕಟ್ಟಿ, ರಸೀದಿಯಲ್ಲಿ ವಾಹನದ ಸಂಖ್ಯೆ ಹಾಗೂ ಅವಧಿ ಸರಿಯಾಗಿವೆಯೇ ಎಂದು ಅಲ್ಲಿಯೇ ಪರಿಶೀಲಿಸಿ. ರಸೀದಿ ಕೊಡದೆ ನಗದು ಕೇಳುವವರಿಗೆ ಹಣ ಕೊಡಬೇಡಿ.