ಟರ್ಬೊ ಏಳುವ ತನಕ ಸೂಪರ್‌ಚಾರ್ಜರ್: ಸಣ್ಣ ಎಂಜಿನ್ನಿಗೆ ಎರಡನ್ನೂ ಕೂಡಿಸಿದ ಅನುಭವ

ನನ್ನದು 1.6 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಅದಕ್ಕೆ ಮೊದಲೇ ಒಂದು ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇತ್ತು, ಎಂಜಿನ್ನಿನ ಗಾತ್ರಕ್ಕೆ ಸ್ವಲ್ಪ ದೊಡ್ಡದೇ. 4,000 ಆರ್‌ಪಿಎಂ ದಾಟಿದರೆ ಗಾಡಿ ಹಾರುತ್ತಿತ್ತು. ಅದಕ್ಕಿಂತ ಕೆಳಗೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಪಿಕಪ್ ಇಲ್ಲ. ಸಣ್ಣ ಎಂಜಿನ್ ಕಡಿಮೆ ಆರ್‌ಪಿಎಂನಲ್ಲಿ ಬಿಡುವ ಹೊಗೆಗೆ ದೊಡ್ಡ ಟರ್ಬೈನನ್ನು ತಿರುಗಿಸುವ ಕಸುವು ಇರುವುದಿಲ್ಲ. ಚಿಕ್ಕ ಟರ್ಬೊ ಹಾಕಿದರೆ ಕೆಳಗೆ ಸರಿಹೋಗುತ್ತದೆ, ಮೇಲೆ ಉಸಿರು ಕಟ್ಟುತ್ತದೆ. ಸೂಪರ್‌ಚಾರ್ಜರ್‌ಗೆ ಈ ತಾಪತ್ರಯ ಇಲ್ಲ. ಬೆಲ್ಟಿನಿಂದ ಎಂಜಿನ್ ತಿರುಗಿಸುವ ಕ್ರ್ಯಾಂಕಿಗೇ ಕಟ್ಟಿರುವುದರಿಂದ ಪೆಡಲ್ ಒತ್ತಿದ ತಕ್ಷಣ ಗಾಳಿ ತಳ್ಳುತ್ತದೆ. ಆದರೆ ಆ ಶಕ್ತಿಯನ್ನು ಎಂಜಿನ್ನಿನಿಂದಲೇ ಕಿತ್ತುಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ 3,000 ಆರ್‌ಪಿಎಂನಲ್ಲಿ ಸುಮಾರು 4 ಕಿಲೋವ್ಯಾಟ್, 6,000ದಲ್ಲಿ ಅದರ ಎರಡರಷ್ಟಕ್ಕೂ ಮೇಲೆ. ಹಾಗಾಗಿ ಕೆಳಗೆ ಸೂಪರ್‌ಚಾರ್ಜರ್, ಮೇಲೆ ಟರ್ಬೊ.

ಈ ಯೋಚನೆ ಹಳೆಯದು. 1985ರ ಲಾನ್ಸಿಯಾ ಡೆಲ್ಟಾ ಎಸ್4 ರ‍್ಯಾಲಿ ಕಾರಿನ 1,759 ಸಿಸಿ ಎಂಜಿನ್ನಿಗೆ ಎರಡೂ ಇದ್ದವು. ನಿಸ್ಸಾನ್ ಕಂಪನಿ ಬರೀ 930 ಸಿಸಿಯ ಮಾರ್ಚ್ ಸೂಪರ್ ಟರ್ಬೊದಲ್ಲಿ ಇದೇ ಜೋಡಿ ಹಾಕಿ 110 ಪಿಎಸ್ (ಅಶ್ವಶಕ್ತಿ) ತೆಗೆಯಿತು. ನಾನು ಹೆಚ್ಚು ಓದಿಕೊಂಡದ್ದು ಫೋಕ್ಸ್‌ವ್ಯಾಗನ್ 2005ರಲ್ಲಿ ತಂದ 1.4 ಟಿಎಸ್‌ಐ ಬಗ್ಗೆ. 1,390 ಸಿಸಿಗೆ 170 ಪಿಎಸ್. 240 ನ್ಯೂಟನ್ ಮೀಟರ್ ಟಾರ್ಕ್ 1,750 ಆರ್‌ಪಿಎಂಗೇ ಸಿಗುತ್ತಿತ್ತು. ಗಾಳಿ ಫಿಲ್ಟರಿನಿಂದ ಸೂಪರ್‌ಚಾರ್ಜರ್, ಅಲ್ಲಿಂದ ಟರ್ಬೊ, ಆಮೇಲೆ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್, ಕೊನೆಗೆ ಗಾಳಿಯ ಬಾಗಿಲಾದ ಥ್ರಾಟಲ್. ಸೂಪರ್‌ಚಾರ್ಜರನ್ನು ಒಂದು ವಿದ್ಯುತ್ಕಾಂತ ಕ್ಲಚ್ ಬೇಕಾದಾಗ ಹಿಡಿಯುತ್ತದೆ, ಬೇಡವಾದಾಗ ಬಿಡುತ್ತದೆ. 3,500 ಆರ್‌ಪಿಎಂ ಮೇಲೆ ಅದಕ್ಕೆ ರಜೆ. ನಾನೂ ಇದೇ ಸಾಲನ್ನು ಹಿಡಿದೆ. ಟರ್ಬೊ ಮೊದಲು ಬಂದರೆ ಅದರ ಪೂರ್ತಿ ಒತ್ತಡವನ್ನು ಸೂಪರ್‌ಚಾರ್ಜರಿನ ಸೀಲುಗಳು ತಡೆದುಕೊಳ್ಳಬೇಕು. ಹಳೆಯ ಸೀಲುಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಹಾಕಿದ್ದು ಟೊಯೊಟಾದ ಹಳೆಯ ಎಸ್‌ಸಿ12 ಸೂಪರ್‌ಚಾರ್ಜರ್. ಅದರಲ್ಲಿ ಕ್ಲಚ್ ಇದೆ ಅನ್ನುವುದೇ ಮುಖ್ಯ ಕಾರಣ. ಕ್ಲಚ್ ಇಲ್ಲದ ಬ್ಲೋವರನ್ನು (ಸೂಪರ್‌ಚಾರ್ಜರಿನ ಇನ್ನೊಂದು ಹೆಸರು) ಬೈಪಾಸ್, ಅಂದರೆ ಪಕ್ಕದ ದಾರಿ, ತೆರೆದು ಸುಮ್ಮನೆ ತಿರುಗಲು ಬಿಡಬಹುದು, ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಮೇಲಿನ ಆರ್‌ಪಿಎಂನಲ್ಲಿ ಬೆಲ್ಟಿಗೂ ಬೇರಿಂಗಿಗೂ ಅದು ದಂಡದ ಕೆಲಸ. ಇದು ಒಂದು ಸುತ್ತಿಗೆ ಸುಮಾರು 1.2 ಲೀಟರ್ ಗಾಳಿ ದಾಟಿಸುತ್ತದೆ. 1.6 ಲೀಟರಿನ ನಾಲ್ಕು ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ನುಂಗುವುದು 0.8 ಲೀಟರ್. ಪುಲ್ಲಿಗಳನ್ನು ಒಂದಕ್ಕೊಂದು ಸಮ ಇಟ್ಟರೆ ಒಂದೂವರೆ ಪಟ್ಟು. ಒಳಗಿನ ಸೋರಿಕೆ ಕಳೆದರೆ 1.4ರ ಆಸುಪಾಸು. ಅಷ್ಟು ಸಾಕು.

ಸಾಕು ಅಂದದ್ದಕ್ಕೆ ಕಾರಣ ಇದೆ. ಎರಡು ಕಂಪ್ರೆಸರ್ ಸಾಲಾಗಿ ನಿಂತಾಗ ಒತ್ತಡದ ಅನುಪಾತಗಳು ಕೂಡುವುದಿಲ್ಲ, ಗುಣವಾಗುತ್ತವೆ. 1.5 ಮತ್ತು 1.6 ಸೇರಿದರೆ 2.4. ಬಿಸಿಯೂ ಹಾಗೇ ಏರುತ್ತದೆ. ರೂಟ್ಸ್ ಮಾದರಿಯ (ಎರಡು ರೋಟರುಗಳು ತಿರುಗಿ ಗಾಳಿ ತಳ್ಳುವ) ಬ್ಲೋವರಿನ ದಕ್ಷತೆ ಶೇ. 55ರ ಹತ್ತಿರ ಹಿಡಿಯಿರಿ. 30 ಡಿಗ್ರಿಯ ಗಾಳಿ 1.5 ಪಟ್ಟು ಒತ್ತಿ ಹೊರಬರುವಾಗ 98 ಡಿಗ್ರಿ ಆಗಿರುತ್ತದೆ. ಅದನ್ನೇ ಟರ್ಬೊ ಮತ್ತೆ 1.6 ಪಟ್ಟು ಒತ್ತಿದರೆ 170 ಡಿಗ್ರಿ ದಾಟುತ್ತದೆ. ಇಂಟರ್‌ಕೂಲರ್ ಎಷ್ಟೇ ಒಳ್ಳೆಯದಿದ್ದರೂ ಇದನ್ನೆಲ್ಲ ಅದರ ತಲೆಗೆ ಕಟ್ಟುವುದು ಅನ್ಯಾಯ. ನನ್ನ ಎಂಜಿನ್ನಿನಲ್ಲಿ ಪೆಟ್ರೋಲ್ ಸಿಂಪಡಿಸುವುದು ಇನ್‌ಟೇಕ್ ಪೋರ್ಟಿನಲ್ಲಿ. ನೇರ ಸಿಲಿಂಡರಿಗೇ ಸಿಂಪಡಿಸುವ ಎಂಜಿನ್ನಿಗೆ ಸಿಗುವ ಒಳತಂಪು ಇದಕ್ಕಿಲ್ಲ. ಅದಕ್ಕೇ ಪಿಸ್ಟನ್ ಬದಲಿಸಿ ಕಂಪ್ರೆಷನ್ ಅನುಪಾತವನ್ನು (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಚಿಕ್ಕ ಜಾಗಕ್ಕೆ ಒತ್ತುತ್ತದೆ ಅನ್ನುವುದು) 8.5ಕ್ಕೆ ಇಳಿಸಿದೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡಕ್ಕೆ ವಾತಾವರಣದ್ದೂ ಸೇರಿ 2 ಬಾರ್ ಮಿತಿ ಹಾಕಿದೆ.

ಟರ್ಬೊದ ಕಂಪ್ರೆಸರ್ ಮ್ಯಾಪ್ (ಎಷ್ಟು ಗಾಳಿಗೆ ಎಷ್ಟು ಒತ್ತಡ ಕೊಡಬಲ್ಲದು ಅನ್ನುವ ನಕ್ಷೆ) ಓದುವಾಗ ಒಂದು ಮಾತು ನೆನಪಿರಲಿ. ಬ್ಲೋವರ್ ನಡೆಯುತ್ತಿರುವಾಗ ಟರ್ಬೊ ಎಳೆದುಕೊಳ್ಳುವುದು ಆಗಲೇ ಒತ್ತಿದ, ದಟ್ಟವಾದ ಗಾಳಿ. ಅಷ್ಟೇ ತೂಕದ ಗಾಳಿಗೆ ಅದು ದಾಟಿಸಬೇಕಾದ ಗಾತ್ರ ಕಡಿಮೆ. ಮ್ಯಾಪಿನಲ್ಲಿ ಬಿಂದು ಎಡಕ್ಕೆ, ಸರ್ಜ್ ಗೆರೆಯ (ಅದನ್ನು ದಾಟಿದರೆ ಗಾಳಿ ಹಿಮ್ಮುಖವಾಗಿ ನುಗ್ಗುತ್ತದೆ) ಕಡೆಗೆ ಸರಿಯುತ್ತದೆ. ಒಳಬರುವ ಒತ್ತಡ, ಉಷ್ಣತೆ ಎರಡನ್ನೂ ಹಾಕಿ ತಿದ್ದಿದ ಮೇಲೆಯೇ ಟರ್ಬೊ ಆರಿಸಬೇಕು.

ಬ್ರ್ಯಾಕೆಟ್ಟು, ಪೈಪು, ವೆಲ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಡಿಯಿಂದ ಗಾಡಿಗೆ ಬೇರೆ. ಬ್ಲೋವರಿಗೆ ಮಾತ್ರ ಪ್ರತ್ಯೇಕ ಬೆಲ್ಟ್ ಕೊಡಿ. ಅದು ಹರಿದರೆ ವಾಟರ್ ಪಂಪು, ಆಲ್ಟರ್ನೇಟರ್ ನಿಲ್ಲಬಾರದು. ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್ ಸಡಿಲ ಬದಿಗೇ ಇರಲಿ.

ಇನ್ನು ನಿಜವಾದ ಕೆಲಸ. ಸೂಪರ್‌ಚಾರ್ಜರಿನ ಪಕ್ಕದಲ್ಲಿ ಒಂದು ಬೈಪಾಸ್ ದಾರಿ, ಅದರಲ್ಲಿ ಒಂದು ಫ್ಲ್ಯಾಪ್. ಮುಚ್ಚಿದ್ದರೆ ಗಾಳಿ ಬ್ಲೋವರ್ ಮೂಲಕ, ತೆರೆದಿದ್ದರೆ ನೇರ ಟರ್ಬೊಗೆ. ನಾನು ಫ್ಲ್ಯಾಪ್ ಆಗಿ ಬಳಸಿದ್ದು ಬೇರೊಂದು ಗಾಡಿಯ ಎಲೆಕ್ಟ್ರಾನಿಕ್ ಥ್ರಾಟಲ್ ಬಾಡಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೇಳಿದಷ್ಟು ಡಿಗ್ರಿ ತೆರೆಯುತ್ತದೆ, ಎಷ್ಟು ತೆರೆದಿದೆ ಅಂತ ವಾಪಸ್ಸು ಹೇಳುತ್ತದೆ. ಕರೆಂಟ್ ಹೋದರೆ ಅದರ ಸ್ಪ್ರಿಂಗ್ ಬಾಗಿಲನ್ನು ಅರೆಬರೆ ತೆರೆದು ನಿಲ್ಲಿಸುತ್ತದೆ. ಗಾಡಿ ಕುಂಟುತ್ತಾದರೂ ಮನೆ ಸೇರುತ್ತದೆ.

ಬ್ಲೋವರಿನ ಕ್ಲಚ್ ಬಿಡುವುದು ಯಾವಾಗ? ಹೋಲಿಸಿ ನೋಡಲೆಂದು ಮೊದಲು ಬರೀ ಆರ್‌ಪಿಎಂ ಆಧರಿಸಿದ ಟೇಬಲ್ ಹಾಕಿ ಲಾಗ್ ತೆಗೆದೆ. ನಾಲ್ಕನೇ ಗೇರಿನಲ್ಲಿ ಚೆನ್ನಾಗಿತ್ತು. ಎರಡನೇ ಗೇರಿನಲ್ಲಿ 3,200 ಆರ್‌ಪಿಎಂಗೆ ಮ್ಯಾನಿಫೋಲ್ಡ್ ಒತ್ತಡ 2 ಬಾರಿನಿಂದ 1.6ಕ್ಕೆ ಧೊಪ್ಪನೆ ಬಿದ್ದು, ಆಮೇಲೆ ನಿಧಾನಕ್ಕೆ ಏರಿತು. ಸೀಟಿನಲ್ಲಿ ಕೂತವರಿಗೆ ಗೇರ್ ತಪ್ಪಿತೇನೋ ಅನ್ನಿಸಬೇಕು, ಹಾಗೆ. ಕಾರಣ ಸರಳ: ಕೆಳ ಗೇರಿನಲ್ಲಿ ಎಂಜಿನ್ ವೇಗವಾಗಿ ಏರುತ್ತದೆ, ಟರ್ಬೊ ಅದರ ಹಿಂದೆ ಉಳಿಯುತ್ತದೆ. ಒಂದೇ 3,200 ಆರ್‌ಪಿಎಂ, ಆದರೆ ಟರ್ಬೊ ಎದ್ದಿರುವ ಮಟ್ಟ ಬೇರೆ ಬೇರೆ. ಕೈಗೂಸನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಕೊಡುವಾಗ ಗಡಿಯಾರ ನೋಡಿ ಕೈ ಬಿಡುತ್ತಾರೆಯೇ? ಆ ಕಡೆಯವರು ಹಿಡಿದರು ಅಂತ ಗೊತ್ತಾಗಬೇಕು.

ಗೊತ್ತಾಗುವುದಕ್ಕೆ ಒತ್ತಡದ ಸೆನ್ಸರ್ ಮೂರು ಕಡೆ ಬೇಕು: ಬ್ಲೋವರಿನ ನಂತರ, ಟರ್ಬೊ ನಂತರ, ಮ್ಯಾನಿಫೋಲ್ಡಿನಲ್ಲಿ. ಟರ್ಬೊ ತನ್ನ ಪಾಲನ್ನು ಏರಿಸುತ್ತಾ ಬಂದ ಹಾಗೆ ಇಸಿಯು ಫ್ಲ್ಯಾಪನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತದೆ, ಒಟ್ಟು ಒತ್ತಡ 2 ಬಾರಿನಲ್ಲೇ ನಿಲ್ಲುವಂತೆ. ಫ್ಲ್ಯಾಪ್ ಪೂರ್ತಿ ತೆರೆದು ಬ್ಲೋವರಿನ ನಂತರದ ಒತ್ತಡ ವಾತಾವರಣದ ಮಟ್ಟಕ್ಕೆ ಇಳಿದಾಗ ಮಾತ್ರ ಕ್ಲಚ್ ಬಿಡಬೇಕು. ಆಗ ಬ್ಲೋವರ್ ಹೊತ್ತಿರುವ ಭಾರ ಅತ್ಯಲ್ಪ, ಬಿಟ್ಟದ್ದು ತಿಳಿಯುವುದೇ ಇಲ್ಲ. ಫ್ಲ್ಯಾಪ್ ಮುಚ್ಚಿರುವಾಗ ಬಿಟ್ಟರೆ ನಿಂತ ಬ್ಲೋವರ್ ಬಿರಡೆಯಂತೆ ಪೈಪಿಗೆ ಅಡ್ಡ ಕೂರುತ್ತದೆ.

ಮತ್ತೆ ಹಿಡಿಯುವುದು ಇನ್ನೂ ನಾಜೂಕು. ನಿಂತ ರೋಟರುಗಳು ಕಣ್ಣು ಮಿಟುಕಿಸುವುದರಲ್ಲಿ ಎಂಜಿನ್ ವೇಗಕ್ಕೆ ಏರಬೇಕು. ಬೆಲ್ಟ್ ಕಿರುಚುತ್ತದೆ, ಗಾಡಿ ಮುಗ್ಗರಿಸುತ್ತದೆ. 3,000 ಆರ್‌ಪಿಎಂ ಮೇಲೆ ಹಿಡಿಯುವುದನ್ನೇ ನಿಷೇಧಿಸಿದ್ದೇನೆ. ಕೆಳಗೆ ಹಿಡಿಯುವಾಗಲೂ ಫ್ಲ್ಯಾಪ್ ತೆರೆದಿಟ್ಟು ಹಿಡಿಸಿ, ರೋಟರ್ ವೇಗ ಸೇರಿದ ಮೇಲೆ ಮುಚ್ಚಿಸುತ್ತೇನೆ. ಗೇರ್ ಬದಲಿಸಲು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಬ್ಲೋವರಿನ ಕ್ಲಚ್ ತಕ್ಷಣ ಬಿಡುವುದಿಲ್ಲ. ಕೆಲವು ಸೆಕೆಂಡು ಹಿಡಿದೇ ಇದ್ದು ಫ್ಲ್ಯಾಪ್ ಮಾತ್ರ ತೆರೆಯುತ್ತದೆ. ಹೀಗೆ ಬಹಳ ಹೊತ್ತು ಬಿಡುವ ಹಾಗಿಲ್ಲ. ಅದೇ ಗಾಳಿ ಬ್ಲೋವರಿನಲ್ಲಿ ಸುತ್ತಿ ಸುತ್ತಿ ಕಾಯುತ್ತದೆ.

ಪೆಟ್ರೋಲ್ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಅನ್ನುವ ಪಟ್ಟಿ) ಮಾಡುವಾಗ ಒಂದು ತೊಡಕು. ಮ್ಯಾನಿಫೋಲ್ಡ್ ಒತ್ತಡ, ಆರ್‌ಪಿಎಂ ಎರಡೂ ಒಂದೇ ಇದ್ದರೂ ಸಿಲಿಂಡರ್ ಸೇರುವ ಗಾಳಿ ಒಂದೇ ಅಲ್ಲ. ಒತ್ತಡ ಕೊಡುತ್ತಿರುವುದು ಹೆಚ್ಚಾಗಿ ಟರ್ಬೊ ಆದಾಗ ಎಕ್ಸಾಸ್ಟಿನಲ್ಲಿ ಹಿಮ್ಮುಖ ಒತ್ತಡ ಜಾಸ್ತಿ, ಸುಟ್ಟ ಹೊಗೆ ಒಳಗೇ ಉಳಿಯುತ್ತದೆ, ಹೊಸ ಗಾಳಿಗೆ ಜಾಗ ಕಡಿಮೆ. ಬ್ಲೋವರ್ ಕೊಡುವಾಗ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರಿನಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಮೂಲ ಮ್ಯಾಪನ್ನು ಟರ್ಬೊಗೆ ಹೊಂದಿಸಿ, ಫ್ಲ್ಯಾಪಿನ ಕೋನಕ್ಕೆ ತಕ್ಕಂತೆ ಪೆಟ್ರೋಲಿಗೂ ಇಗ್ನಿಷನ್ನಿಗೂ ತಿದ್ದುಪಡಿ ಟೇಬಲ್ ಸೇರಿಸಿದೆ.

ಈಗ ಹೊಸದಾಗಿ ಮಾಡಬೇಕಾ ಅಂತ ಕೇಳಿದರೆ, ಸಾಧಾರಣ ಓಡಾಟದ ಗಾಡಿಗೆ ಬೇಡ ಅಂತಲೇ ನನ್ನ ಉತ್ತರ. ಹೊಸ ಚಿಕ್ಕ ಟರ್ಬೊಗಳು ಬೇಗ ಏಳುತ್ತವೆ. ಫೋಕ್ಸ್‌ವ್ಯಾಗನ್ ಕೂಡ ಮುಂದಿನ ಪೀಳಿಗೆಯ 1.4 ಎಂಜಿನ್ನಿಗೆ ಬರೀ ಟರ್ಬೊ ಇಟ್ಟುಕೊಂಡಿತು. ಆಡಿ 2016ರ ಎಸ್‌ಕ್ಯೂ7 ಡೀಸೆಲ್‌ನಲ್ಲಿ ಕೆಳಗಿನ ಕೆಲಸವನ್ನು 48 ವೋಲ್ಟಿನ ವಿದ್ಯುತ್ ಕಂಪ್ರೆಸರಿಗೆ ವಹಿಸಿತು. ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ. ದೊಡ್ಡ ಟರ್ಬೊ ಬೇಕೇ ಬೇಕು, ಕೆಳಗಿನ ಪಿಕಪ್ಪೂ ಬೇಕು ಅನ್ನುವವರಿಗೆ ಮಾತ್ರ ಈ ಜೋಡಿ. ಚಿಕ್ಕ ಟರ್ಬೊ ಇರುವ ಎಂಜಿನ್ನಿಗೆ ಬ್ಲೋವರ್ ಸೇರಿಸುವುದು ತೂಕ ಹೇರಿದಂತೆ ಅಷ್ಟೇ.

ಮಾಡುವವರು ಗೇರ್‌ಬಾಕ್ಸ್ ಕಡೆ ಮೊದಲು ನೋಡಿ. 2,000 ಆರ್‌ಪಿಎಂಗೇ ಇಷ್ಟು ಟಾರ್ಕ್ ಬಂದರೆ ಕನೆಕ್ಟಿಂಗ್ ರಾಡು, ಗೇರಿನ ಹಲ್ಲು ಎರಡಕ್ಕೂ ಕಷ್ಟ. ನಾನು ಮೊದಲ ಎರಡು ಗೇರಿಗೆ ಒತ್ತಡದ ಮಿತಿಯನ್ನು ಇನ್ನೂ ತಗ್ಗಿಸಿಟ್ಟಿದ್ದೇನೆ. ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಬ್ಲೋವರಿನ ಆಯಿಲ್ ಮಟ್ಟವನ್ನೂ ಬೆಲ್ಟಿನ ಗೀರುಗಳನ್ನೂ ನೋಡಿ, ಕ್ಲಚ್ಚಿನ ಸಂದನ್ನು ಫೀಲರ್ ಗೇಜ್ ತೂರಿಸಿ ಅಳೆಯುತ್ತೇನೆ. ಸವೆದಷ್ಟೂ ಆ ಸಂದು ಅಗಲವಾಗುತ್ತದೆ. ತುಂಬಾ ಅಗಲವಾದರೆ ಕಾಂತ ಎಳೆದರೂ ಫಲಕ ಕಚ್ಚುವುದಿಲ್ಲ.