ಗೋಡೆ ಆರಲು ಬಿಟ್ಟು ಒಳಮೈ ಕಟ್ಟುವುದು: ನನ್ನ ಅನುಭವ

ಕುಮಟಾ, ಅಂಕೋಲಾ, ಕಾರವಾರದ ಕಡೆಯ ಹಳೆಯ ಮನೆಗಳಲ್ಲಿ ಗೋಡೆಯೆಂದರೆ ಇಟ್ಟಿಗೆಯದಾಗಲಿ ಚಿರೆಕಲ್ಲಿನದಾಗಲಿ (ಕೆಂಪು ಜಂಬಿಟ್ಟಿಗೆ ಕಲ್ಲು) ಒಂದೇ ಗಟ್ಟಿ ಮೈ, ನಡುವೆ ಪೊಳ್ಳಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಮಳೆಯನ್ನು ಅದರ ಮೇಲೇ ಎರಚುತ್ತದೆ. ಹೊರಮೈಗೆ ಒಣಗಲು ಬಿಡುವಿಲ್ಲ, ಆದ್ದರಿಂದ ಕುಡಿದ ನೀರು ಕೋಣೆಯ ಕಡೆಯಿಂದ ಆರಬೇಕು. ಅಲ್ಲಿಗೆ ಥರ್ಮೋಕೋಲ್ ಅಂಟಿಸಿ ಜಿಪ್ಸಂ ಹಲಗೆ ಬಡಿದರೆ ಆ ದಾರಿ ಮುಚ್ಚುತ್ತದೆ, ಹಲಗೆಯ ಬೆನ್ನಿಗೆ ಬೂಸ್ಟು ಹಿಡಿಯುತ್ತದೆ.

ಚಳಿ ದೇಶಗಳಲ್ಲಿ ಆವಿ ಬೆಚ್ಚಗಿನ ಕೋಣೆಯಿಂದ ಹೊರಕ್ಕೆ ಹೊರಡುತ್ತದೆ, ಅದಕ್ಕೇ ಅಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಕೋಣೆಯ ಬದಿಗೆ ಹಾಕುತ್ತಾರೆ. ನಮ್ಮಲ್ಲಿ ಎಸಿ ಕೋಣೆಯಲ್ಲಿ ನಡೆಯುವುದು ಉಲ್ಟಾ. ಮಳೆಗಾಲದ ಹೊರಗಾಳಿ ಸುಮಾರು 24–25 ಡಿಗ್ರಿಗೆ ತಣಿದರೆ ಸಾಕು, ಹನಿಗಟ್ಟುತ್ತದೆ. ಒಳಗೆ 22 ಇಟ್ಟರೆ ಅದೇ ಹಾಳೆಯ ಹಿಂದೆ ನೀರು ಇಳಿಯುತ್ತದೆ. ಆಯಿಲ್ ಪೇಂಟ್, ವಿನೈಲ್ ವಾಲ್‌ಪೇಪರ್ ಕೂಡ ಇದೇ ಹಾಳೆಯ ಕೆಲಸ ಮಾಡುತ್ತವೆ.

ಆಗಸ್ಟ್‌ನಲ್ಲಿ, ಗೋಡೆ ಪೂರ್ತಿ ಒದ್ದೆ ಇರುವಾಗ, ಒಂದಡಿ ಚೌಕದ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸುತ್ತೇನೆ. ಎರಡು ದಿನದ ಮೇಲೆ ಹಾಳೆಯ ಬೆನ್ನಿಗೆ ಹನಿಯಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಬದಿಗಿದ್ದರೆ ಅದು ಗಾಳಿಯ ತೇವ, ಕಿಟಕಿ ತೆರೆದು ಫ್ಯಾನ್ ಹಾಕಿದರೆ ಕಡಿಮೆಯಾಗುತ್ತದೆ. ಗೋಡೆಯಿಂದ ಬರುತ್ತಿದ್ದರೆ ಮೊದಲು ಹೊರಗಿನ ಕೆಲಸ: ಸೂರು ನೀರು ಗೋಡೆಯ ಬುಡಕ್ಕೆ ಬೀಳದಂತೆ ಅದನ್ನು ಹಿಡಿದು ಸಾಗಿಸುವ ದೋಣಿ, ಪಡುವಣ ಗೋಡೆಗೆ ಇಳಿಜಾರು ಚಾವಣಿ. ಹಿಂದೆ ಮಳೆಗಾಲಕ್ಕೆ ಮುಂಚೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಇದಕ್ಕೇ. ಬಿಸಿಲಿನ ಕಾವಿಗೂ ಒಳಗೆ ಏನು ಅಂಟಿಸುವುದಕ್ಕಿಂತ ಹೊರಗಿನ ನೆರಳೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಳಗಿನ ಕೆಲಸ ಡಿಸೆಂಬರ್‌ನಿಂದ ಮಾರ್ಚ್ ಒಳಗೆ. ತೇವದ ಗುರುತಿಗಿಂತ ಮೂರಡಿ ಮೇಲಿನವರೆಗೆ ಸಿಮೆಂಟ್ ಪ್ಲಾಸ್ಟರನ್ನು ಉಳಿ ಓರೆ ಹಿಡಿದು ತೆಗೆಯಬೇಕು. ನೇರ ಹೊಡೆದರೆ ಚಿರೆಕಲ್ಲಿನ ಮೈಯೂ ಕಿತ್ತು ಬರುತ್ತದೆ. ಸಂದುಗಳನ್ನು ಮುಕ್ಕಾಲು ಇಂಚು ಆಳ ಕೆರೆದು, ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ ಹೊರಗೆ ಹಾಕುತ್ತೇನೆ. ತೊಳೆದರೆ ಉಪ್ಪು ಮತ್ತೆ ಕಲ್ಲಿನೊಳಕ್ಕೆ ಇಳಿಯುತ್ತದೆ. ಆಮೇಲೆ ಒಂದು ತಿಂಗಳು ಗೋಡೆಯನ್ನು ಬರಿಮೈಯಲ್ಲೇ ಬಿಡಬೇಕು.

ಸಿಮೆಂಟಿನ ಬದಲು ತೇವ ಬಿಡುವ ಸುಣ್ಣದ ಗಾರೆ ಮೆತ್ತುತ್ತೇನೆ. ಅದಕ್ಕೆ ಕನಿಷ್ಠ ಒಂದು ತಿಂಗಳು ನೀರಿನಡಿ ಇಟ್ಟ ಅರಳಿಸಿದ ಸುಣ್ಣ ಬೇಕು. ಮರಳು ಹೊಳೆಯ ಮೇಲ್ಭಾಗದ್ದೇ ಆಗಬೇಕು, ಏಕೆಂದರೆ ಹೊಳೆ ಕಡಲು ಸೇರುವ ಅಳಿವೆಯ ಮರಳಿನಲ್ಲಿ ಉಪ್ಪಿರುತ್ತದೆ. ಹಿಂದಿನ ಸಂಜೆ ಗೋಡೆ ನೆನೆಸಿ, ಕೆಲಸಕ್ಕೆ ಗಂಟೆ ಮುಂಚೆ ಮತ್ತೊಮ್ಮೆ ನೀರು ಚಿಮುಕಿಸಬೇಕು. ಮೈ ತೇವವಿರಲಿ, ನೀರು ಹೊಳೆಯದಿರಲಿ. ಮೊದಲ ಪದರಕ್ಕೆ ಸುಣ್ಣ ಒಂದು, ಮರಳು ಎರಡು, ಕರಣೆಯಿಂದ ಎರಚಿ 5 ಮಿ.ಮೀ. ವಾರದ ಮೇಲೆ ಒಂದಕ್ಕೆ ಮೂರರಂತೆ 10 ಮಿ.ಮೀ. ಬೆರಳ ಗೆಣ್ಣು ಒತ್ತಿದರೆ ತಗ್ಗು ಬೀಳದೆ, ಉಗುರಿನ ಗುರುತು ಮಾತ್ರ ಬೀಳುವಷ್ಟು ಬಿಗಿದಾಗ ಮರದ ಹಲಗೆಯಿಂದ ಒತ್ತಿ ಉಜ್ಜಿದರೆ ಕೂದಲೆಳೆ ಬಿರುಕುಗಳು ಮುಚ್ಚುತ್ತವೆ. ಕೊನೆಗೆ ಜರಡಿ ಹಿಡಿದ ಮರಳಿನ 3 ಮಿ.ಮೀ. ತೆಳು ಪದರ. ನೂರು ಚದರಡಿಗೆ ಸುಮಾರು 7 ಘನ ಅಡಿ ಮರಳು, 3 ಘನ ಅಡಿ ಸುಣ್ಣ ಹಿಡಿಯುತ್ತದೆ. ಸುಣ್ಣ ಕಣ್ಣಿಗೆ ಸಿಡಿದರೆ ಸುಡುತ್ತದೆ, ಕನ್ನಡಕ ಹಾಕಿಕೊಳ್ಳಿ.

ಬೇಗ ಬಿಗಿಯಲೆಂದು ಗೌಂಡಿ ಒಂದು ಕರಣೆ ಸಿಮೆಂಟ್ ಸೇರಿಸುವುದುಂಟು. ಇದನ್ನು ಮೊದಲೇ ತಡೆಯಬೇಕು, ಗಾರೆ ಗಡಸಾಗಿ ತೇವ ಬಿಡುವ ಗುಣ ಕುಂದುತ್ತದೆ. ಗಾಳಿಗೆ ಬೇಗ ಒಣಗಿದರೆ ಗಾರೆ ಬಿರಿದು ಹುಡಿಹುಡಿ ಉದುರುತ್ತದೆ. ಕಿಟಕಿಗೆ ಒದ್ದೆ ಗೋಣಿ ತೂಗುಹಾಕಿ ಪ್ರತಿ ಪದರಕ್ಕೂ ಏಳು ದಿನ ನೀರು ಚಿಮುಕಿಸುತ್ತೇನೆ.

ಮೇಲೆ ಸುಣ್ಣದ ನೀರನ್ನೇ ನಾಲ್ಕು ಕೈ ಬಳಿಯುವುದು. ಗೋದ್ರೇಜ್ ಕಪಾಟು, ಮಂಚದ ತಲೆಭಾಗ ಗೋಡೆಗೆ ಆನಿಸದೆ ಮೂರಿಂಚು ಬಿಡಿ.